ಹುರುಳಿಯನ್ನು ಸಮುದ್ರಕ್ಕೆ ಕರೆದುಕೊಂಡು ಹೋದ ವರ್ಷ

ಮೊನ್ನೆ ಶಾಲೆ ಬಿಟ್ಟ ಮೇಲೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಲು ನಿಂತಿದ್ದೆ. ಕೇರಳದಿಂದ ಬಂದ ಮೀನಿನ ಲಾರಿಯೊಂದು ರೋಡ್ ಹಂಪಿನ ಹತ್ತಿರ ನಿಧಾನವಾಯಿತು. ಹಿಂಬಾಗಿಲ ಸಂದಿಯಿಂದ ಐಸ್ ಕರಗಿದ ನೀರು ರಸ್ತೆಗೆ ಸುರಿಯುತ್ತಿತ್ತು. ನಮ್ಮದು ಲಿಂಗ ಕಟ್ಟಿದವರ ಮನೆ. ಮೀನಿನ ವಾಸನೆ ಬಂದರೆ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ. ಅವತ್ತು ಮಾತ್ರ ಕೈ ಮೇಲೇಳಲಿಲ್ಲ. ಲಾರಿ ಹೋಗಿ, ಪಕ್ಕದಲ್ಲಿದ್ದವರೆಲ್ಲ ದಾಟಿದರೂ ನಾನು ನಿಂತೇ ಇದ್ದೆ. ಮರಳಿನ ಮೇಲೆ ಮೀನು ಒಣಹಾಕಿದ ಒಂದು ಹಳ್ಳಿ, ಅದರ ಅಂಚಿನಲ್ಲಿದ್ದ ಹೆಂಚಿನ ಮನೆ, ಅಲ್ಲಿ ನಾಲ್ಕು ದಿನ ನಾನು ಪಟ್ಟ ಸುಖ ಎಲ್ಲ ಒಟ್ಟಿಗೆ ಬಂದವು. ನನಗೆ ಇವತ್ತಿಗೂ ಸಿಟ್ಟು ಇರುವುದು ಆ ಸುಖದ ಮೇಲೆಯೇ.

ನಾನು ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಗಂಡ ಗುರುಸ್ವಾಮಿ ಸುತ್ತಲ ರೈತರಿಂದ ತರಕಾರಿ, ಚೆಂಡುಹೂವು ಕೊಂಡು ಕೇರಳಕ್ಕೆ ಕಳಿಸುವ ವ್ಯಾಪಾರ ಮಾಡುತ್ತಾರೆ. ಅವರಿಗೆ ಮಲಯಾಳಂ ನೀರು ಕುಡಿದಷ್ಟು ಸಲೀಸು. ನನಗೆ ಆಗ ಅದರಲ್ಲಿ ಹತ್ತು ಪದವೂ ಬರುತ್ತಿರಲಿಲ್ಲ. ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ ಇದ್ದರು. ಉಡಿಗಾಲದವರು. ನಾನೂ ಅವರನ್ನು ಅವ್ವ ಎಂದೇ ಕರೆಯುವುದು.

ಮದುವೆಯಾದ ಮೇಲೆ ಎರಡು ಸಲ ನನಗೆ ಬಸಿರು ನಿಲ್ಲಲಿಲ್ಲ. ಎರಡನೇ ಸಲ ಮೈಸೂರಿನ ಆಸ್ಪತ್ರೆಯಿಂದ ಬಂದವಳು ಎಷ್ಟೋ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಆಗ ಒಂದು ಮಧ್ಯಾಹ್ನ ಗುರುಸ್ವಾಮಿ ಹರವೆ ಕಡೆ ಹೂವು ನೋಡಲು ಹೋದವರು ಹೂವಿನ ಚೀಲವೊಂದನ್ನು ತಂದು ನನ್ನ ಮಂಚದ ಮೇಲಿಟ್ಟರು. ಚೀಲ ಅಲ್ಲಾಡಿತು. ಒಳಗಿಂದ ಒಂದು ನಾಯಿಮರಿ ಮೂತಿ ಹೊರಗೆ ಹಾಕಿತು. ಮೈತುಂಬ ಚೆಂಡುಹೂವಿನ ಎಸಳು ಅಂಟಿಕೊಂಡಿದ್ದವು.

"ಹೊಲದ ಬೇಲೀಲಿ ಒಂದೇ ಅಳ್ತಾ ಇತ್ತು" ಎಂದರು. "ಮನೇಲಿ ಒಂದು ಜೀವ ಓಡಾಡ್ಕೊಂಡಿರ್ಲಿ ಮಂಗಳ."

ಹುರುಳಿಕಾಳಿನ ಬಣ್ಣದ ಮರಿ, ಎಡಗಿವಿಯಲ್ಲಿ ಒಂದು ಸೀಳು. ಹುರುಳಿ ಎಂದೇ ಹೆಸರಾಯಿತು. ಅವ್ವನ ಬಾಯಲ್ಲಿ ಅದು ಉಳ್ಳಿ. ಅವ್ವ ಅದನ್ನು ಬೆಳಗಿನಿಂದ ಸಂಜೆಯವರೆಗೆ ಬಯ್ಯುತ್ತಿದ್ದರು. ಹೊಸಲು ದಾಟಿದರೆ ಬೈಗುಳ, ಒಗೆದ ಸೀರೆ ಎಳೆದರೆ ಬೈಗುಳ. ಹಾಗೆ ಬಯ್ಯುತ್ತಲೇ ರಾಗಿ ಅಂಬಲಿಗೆ ಹಾಲು ಬೆರೆಸಿ ಹಿತ್ತಲಲ್ಲಿ ಇಡುತ್ತಿದ್ದವರೂ ಅವರೇ. ನಾನು ಹಾಸಿಗೆಯಿಂದ ಎದ್ದದ್ದು ಆ ಮರಿಗೆ ನೀರು ಬೇಕಲ್ಲ ಎಂದು. ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅದು ಗೇಟಿನವರೆಗೂ ಬಂದು, ನಾನು ಒಳಗೆ ಹೋದದ್ದು ನೋಡಿ ವಾಪಸು ಹೋಗುತ್ತಿತ್ತು. ಪರೀಕ್ಷೆಯ ಪೇಪರು ತಿದ್ದುವಾಗ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ಅಲುಗುತ್ತಿರಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. ಆ ವರ್ಷ ದಸರೆ ರಜೆ ಮುಗಿದ ಕೂಡಲೇ ಮೈಸೂರಿನಲ್ಲಿ ಹೊಸ ಡಾಕ್ಟರ ಹತ್ತಿರ ಚಿಕಿತ್ಸೆ ಶುರು ಮಾಡುವುದೆಂದು ನಿಶ್ಚಯವಾಗಿತ್ತು. ನನಗೆ ಒಳಗೊಳಗೇ ಹೆದರಿಕೆ. ಮತ್ತೆ ಸೂಜಿ, ಮತ್ತೆ ಕಾಯುವುದು, ಮತ್ತೆ ನೆಂಟರ ಪ್ರಶ್ನೆ. ಗುರುಸ್ವಾಮಿಗೆ ಅದು ಕಾಣಿಸಿತು ಎಂದು ನಾನು ಅಂದುಕೊಂಡೆ.

"ಅದುಕ್ಕೂ ಮುಂಚೆ ನಾಕು ದಿನ ಸಮುದ್ರದ ಹತ್ರ ಇದ್ದು ಬರನ" ಎಂದರು ಒಂದು ದಿನ ಕಾಫಿ ಕುಡಿಯುತ್ತ. "ಹುರುಳೀನೂ ಕರ್ಕೊಂಡು ಹೋಗನ."

ನಾನು ನಂಬಲಿಲ್ಲ. "ನಾಯೀನ ಯಾರು ಸೇರಿಸ್ತಾರೆ ರೀ?"

"ಕ್ಯಾಲಿಕಟ್ ದಾಟಿದ್ ಮೇಲೆ ಒಂದು ಮನೆ ಅದೆ. ನಾಯಿ ಬಂದ್ರೂ ಅಡ್ಡಿ ಇಲ್ಲ ಅಂದವ್ರೆ. ಗ್ಯಾಸು ಸ್ಟೌ ಎಲ್ಲ ಅಲ್ಲೇ ಅವೆ. ಅಡುಗೆ ನಾವೇ ಮಾಡ್ಕೊಳದು. ಮೀನಿನ ಹೋಟ್ಲಲ್ಲಿ ನೀನು ಮೂಗು ಮುಚ್ಕೊಂಡು ಕೂರದು ಬೇಡ."

ನನ್ನ ಹೆದರಿಕೆ, ನನ್ನ ಊಟ, ನನ್ನ ನಾಯಿ, ಎಲ್ಲವನ್ನೂ ಯೋಚನೆ ಮಾಡಿ ಹತ್ತು ಕಡೆ ಫೋನು ಮಾಡಿ ಮನೆ ಹುಡುಕಿದ್ದಾರೆ ಎಂದು ನನ್ನ ಕಣ್ಣು ತುಂಬಿ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡೆ. ಎಂಥ ಗಂಡ ಸಿಕ್ಕಿದ್ದಾರೆ ನಿಮಗೆ ಎಂದರು. ಹೌದು ಎಂದೆ.

ಪಾತ್ರೆಗಳನ್ನು ನಮ್ಮ ಮನೆಯಿಂದಲೇ ತುಂಬಿಕೊಂಡೆವು. ಅಲ್ಲಿಯವುಗಳಲ್ಲಿ ಮೀನು ಬೇಯಿಸಿರುತ್ತಾರಲ್ಲ. ರಾಗಿಹಿಟ್ಟು, ಸಾರಿನ ಪುಡಿ, ಹುರಿದ ಅವರೆಕಾಳು, ಮುದ್ದೆ ತಿರುವುವ ಕೋಲು. ಹಸು ನೋಡಿಕೊಳ್ಳುವವರಿಲ್ಲ ಎಂದು ಅವ್ವ ಬರಲಿಲ್ಲ. ಹೊರಡುವಾಗ ತಮ್ಮ ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಕಾರಿನೊಳಗೆ ಎಸೆದರು.

"ಉಳ್ಳಿ ಮನಿಕಳಕ್ಕೆ. ಹೊಸ ಜಾಗ್ದಲ್ಲಿ ಅದುಕ್ಕೆ ನಿದ್ದೆ ಬರಕಿಲ್ಲ" ಎಂದರು.

ಮದ್ದೂರು ಚೆಕ್‌ಪೋಸ್ಟಿನ ಗೇಟು ರಾತ್ರಿಯೆಲ್ಲ ಮುಚ್ಚಿದ್ದು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ನಾವು ಮೊದಲ ಸಾಲಿನಲ್ಲೇ ಇದ್ದೆವು. ಕಾಡಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆ ಬದಿಯ ಜಿಂಕೆಗಳನ್ನು ಕಂಡು ಹುರುಳಿ ಬೊಗಳದೆ ನಡುಗಿ ನನ್ನ ತೊಡೆಗೆ ಅಂಟಿಕೊಂಡಿತು. ವಯನಾಡಿನ ಘಾಟಿ ಇಳಿಯುವಾಗ ಎರಡು ಸಲ ವಾಂತಿ ಮಾಡಿತು. ಗುರುಸ್ವಾಮಿ ಎರಡು ಸಲವೂ ಕಾರು ನಿಲ್ಲಿಸಿ, ತಾವೇ ಬಾಟಲಿ ನೀರಿನಿಂದ ಅದರ ಬಾಯಿ ತೊಳೆದರು.

ಮನೆ ಚಿಕ್ಕದು. ಮುಂದೆ ಜಗಲಿ, ಹಿಂದೆ ಅಡುಗೆಮನೆ, ಬಾವಿ. ನಾಲ್ಕು ತೆಂಗಿನಮರ ದಾಟಿದರೆ ಮರಳು, ಆಮೇಲೆ ನೀರು. ಒಡೆಯರು ಗಲ್ಫಿನಲ್ಲಿದ್ದರು. ಬೀಗದ ಕೈ ಇದ್ದದ್ದು ಪಕ್ಕದ ಮನೆಯ ಜಾನಕಿ ಎನ್ನುವ ಹೆಂಗಸಿನ ಹತ್ತಿರ. ಐವತ್ತು ದಾಟಿದ ವಯಸ್ಸು, ಮೆತ್ತಗಿನ ಮಾತು. ಎಲ್ಲರ ಹಾಗೆ ನಾನೂ ಜಾನಕಿಚೇಚಿ, ಅಂದರೆ ಜಾನಕಿಯಕ್ಕ ಎಂದೆ. ನನ್ನ ಕನ್ನಡ ಅವರಿಗೆ ತಿಳಿಯದು, ಅವರ ಮಲಯಾಳಂ ನನಗೆ ತಿಳಿಯದು. ನಡುವೆ ಗುರುಸ್ವಾಮಿ ಇದ್ದರು.

ಹುರುಳಿ ಮೊದಲ ದಿನ ಅಲೆಗೆ ಬೊಗಳಿತು. ಅಲೆ ಹಿಂದೆ ಸರಿದರೆ ತಾನೇ ಓಡಿಸಿದೆ ಎಂಬ ಜಂಬ, ಮತ್ತೆ ಬಂದರೆ ನನ್ನ ಕಾಲ ಸಂದಿಗೆ ಓಟ. ನೀರು ನೆಕ್ಕಿ ನೋಡಿ ಸೀನಿತು. ಎರಡನೇ ದಿನಕ್ಕೆ ಏಡಿ ತೂತು ಕೆರೆಯುವುದನ್ನು ಕಲಿತು ಮೂಗಿನ ತುಂಬ ಮರಳು ಮಾಡಿಕೊಂಡಿತು. ಬಲೆ ಬಿಡಿಸುತ್ತಿದ್ದವರು ಎಸೆದ ಒಂದು ಸಣ್ಣ ಮೀನನ್ನು ಅಗಿಯದೆ ನುಂಗಿ ನನ್ನ ಮುಖ ನೋಡಿತು. ಅಂಬಲಿ, ಮುದ್ದೆ ಬಿಟ್ಟು ಬೇರೆ ಕಂಡಿರದ ನಾಯಿ.

"ಜಾತಿ ಕೆಟ್ಟೋಯ್ತು ಬುಡು" ಎಂದು ಗುರುಸ್ವಾಮಿ ನಕ್ಕರು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕು ಎಷ್ಟು ಕಾಲವಾಗಿತ್ತೆಂದರೆ ಪಕ್ಕೆ ನೋಯಿತು.

ಬೆಳಿಗ್ಗೆ ಮುದ್ದೆ ತಿರುವಿ ಬಸ್ಸಾರು ಮಾಡಿಟ್ಟರೆ ಇಡೀ ದಿನ ನನ್ನದು. ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತ ಕೂತರೆ ಹುರುಳಿ ಪಕ್ಕದ ಒದ್ದೆ ನೆಲದಲ್ಲಿ ಹೊಟ್ಟೆ ಊರಿ ಮಲಗುತ್ತಿತ್ತು. ಮೂರನೇ ದಿನ ಸಂಜೆ ಗುರುಸ್ವಾಮಿ ಜಾನಕಿಚೇಚಿಯ ಜೊತೆ ತೆಂಗಿನಮರದ ಕೆಳಗೆ ತುಂಬ ಹೊತ್ತು ಮಾತಾಡುತ್ತಿದ್ದರು. ಏನಂತೆ ಎಂದು ಕೇಳಿದೆ. "ಗ್ಯಾಸು ಮುಗೀತಾ ಬಂತೇನೋ ಅಂತಾವ್ರೆ" ಎಂದರು.

ಐದನೇ ದಿನ ಬೆಳಿಗ್ಗೆ ಹೊರಡುವುದಿತ್ತು. ನಾನು ಸ್ನಾನ ಮುಗಿಸಿ ಪಾತ್ರೆ ಚೀಲಕ್ಕೆ ತುಂಬುತ್ತಿದ್ದೆ. ಹುರುಳಿಯನ್ನು ಕೊನೆಯ ಸಲ ಸುತ್ತಾಡಿಸಿ ತರುತ್ತೇನೆಂದು ಹೋದ ಗುರುಸ್ವಾಮಿ ಕೈಯಲ್ಲಿ ಬರೀ ಹಗ್ಗ ಹಿಡಿದು ಬಂದರು.

"ಬೀದಿ ನಾಯಿಗಳು ಅಟ್ಟಿಸ್ಕೊಂಡು ಬಂದೊ. ಕಿತ್ಕೊಂಡು ಓಡೋಯ್ತು."

ಚೀಲ ಅಲ್ಲೇ ಬಿಟ್ಟು ಓಡಿದೆ. ಮರಳಿನುದ್ದಕ್ಕೂ, ದೋಣಿಗಳ ಹಿಂದೆ, ಮಸೀದಿಯ ಪಕ್ಕದ ಓಣಿಗಳಲ್ಲಿ, ಐಸ್ ಫ್ಯಾಕ್ಟರಿಯ ಹಿತ್ತಲಲ್ಲಿ ಹುಡುಕಿದೆವು. ಹುರುಳೀ ಹುರುಳೀ ಎಂದು ನಾನು ಒಂದು ಕಡೆ ಕೂಗಿದರೆ ಅವರು ಇನ್ನೊಂದು ಕಡೆಯಿಂದ ಕೂಗುತ್ತಿದ್ದರು. ಕಂಡಕಂಡವರಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಫೋಟೋ ನೋಡಿದ ಕೂಡಲೇ ರಸ್ತೆಯ ಕಡೆ ಕೈ ಮಾಡಿ ಏನೋ ಹೇಳಿದಳು. ಪಟ್ಟಿ ಎಂದರೆ ನಾಯಿ ಎಂದು ನನಗೆ ಗೊತ್ತಿತ್ತು. ಅದಾದ ಮೇಲೆ ಓಟೋ ಎಂದದ್ದೂ ಕೇಳಿಸಿತು.

"ಏನಂತೆ? ಆಟೋ ಅಂದ್ಲಲ್ಲ?"

"ಆಟೋ ಸ್ಟ್ಯಾಂಡಲ್ಲಿ ಕೇಳಿ ನೋಡಿ ಅಂತಾವ್ಳೆ."

ಆಟೋ ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಅವರೇ ಮಾತಾಡಿದರು. ಯಾರೂ ಕಂಡಿಲ್ಲವಂತೆ ಎಂದರು.

ಮಧ್ಯಾಹ್ನದ ಬಿಸಿಲು ತಡೆಯಲಾರದೆ ಜಗಲಿಗೆ ಬಂದು ಕೂತೆ. ಜಾನಕಿಚೇಚಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತರು. "ಕರಯಲ್ಲೇ ಮೋಳೆ" ಎನ್ನುತ್ತಿದ್ದರು. ಅಳಬೇಡ ಮಗಳೇ ಎಂದು. ಗುರುತಿಲ್ಲದ ಊರಿನಲ್ಲಿ ನನ್ನ ನಾಯಿಗಾಗಿ ಅಳುವ ಹೆಂಗಸೊಬ್ಬಳಿದ್ದಾಳಲ್ಲ ಎಂದು ನಾನು ಅವರ ಭುಜಕ್ಕೆ ಒರಗಿದೆ. ಅವರ ಫೋನ್ ನಂಬರು ತೆಗೆದುಕೊಂಡು ಹುರುಳಿಯ ಫೋಟೋ ಕಳಿಸಿದೆ.

ಇನ್ನೊಂದು ದಿನ ಇರೋಣ ಎಂದೆ. ಮನೆಗೆ ಬೇರೆಯವರು ಬರುತ್ತಾರೆ ಎಂದರು ಗುರುಸ್ವಾಮಿ. ಕಾರಿನಲ್ಲೇ ಮಲಗುತ್ತೇನೆ ಎಂದೆ.

"ಹುಚ್ಚಾಡ್ಬೇಡ ಮಂಗಳ. ಒಂಬತ್ಗಂಟೆಗೆ ಗೇಟ್ ಮುಚ್ಬುಡ್ತಾರೆ. ನಾಡಿದ್ದು ಮೈಸೂರಲ್ಲಿ ಡಾಕ್ಟ್ರು ಕಾಯ್ತಿರ್ತಾರೆ."

ಅವ್ವ ಕೊಟ್ಟ ಸೀರೆಯ ತುಂಡನ್ನು ಜಗಲಿಯ ಮೂಲೆಯಲ್ಲಿ ಹಾಸಿ ಬಂದೆ. ವಾಪಸು ಬಂದರೆ ವಾಸನೆ ಹಿಡಿದು ಅಲ್ಲೇ ಕೂರಲಿ ಎಂದು. ಘಾಟಿ ಹತ್ತುವವರೆಗೂ ಹಿಂದಿನ ಗಾಜಿನಲ್ಲಿ ರಸ್ತೆ ನೋಡುತ್ತಲೇ ಇದ್ದೆ.

ಮನೆ ಮುಟ್ಟಿದಾಗ ಅವ್ವ ಕಾರಿನ ಒಳಗೆ ಇಣುಕಿದರು. "ಎಲ್ಲವ್ವ ನಾಯಿ?" ಎಂದರು. ಹೇಳಿದೆ. ಅವರು ಹಿತ್ತಲಿಗೆ ಹೋಗಿ ಅಂಬಲಿ ಬಟ್ಟಲನ್ನು ಬೋರಲು ಹಾಕಿದರು.

ಆ ಚಳಿಗಾಲವೆಲ್ಲ ಮೈಸೂರಿನ ಬಸ್ಸಿನಲ್ಲೇ ಹೋಯಿತು. ಸೂಜಿ, ಮಾತ್ರೆ, ಸ್ಕ್ಯಾನು. ತಿಂಗಳಿಗೊಮ್ಮೆ ಜಾನಕಿಚೇಚಿಗೆ ಹುರುಳಿಯ ಫೋಟೋ ಕಳಿಸಿ ಕೆಳಗೆ ಒಂದು ಪ್ರಶ್ನೆಯ ಗುರುತು ಹಾಕುತ್ತಿದ್ದೆ. ಭಾಷೆ ಬಾರದವಳು ಇನ್ನೇನು ಬರೆಯಲಿ. ಅವರು ಕೈಮುಗಿದ ಚಿತ್ರ ಮಾತ್ರ ಕಳಿಸುತ್ತಿದ್ದರು. ಗುರುಸ್ವಾಮಿ ನೋಡಿ, "ಬುಡು ಮಂಗಳ, ಎಲ್ಲೋ ಸುಖವಾಗಿರ್ತದೆ" ಎನ್ನುತ್ತಿದ್ದರು. ಆ ಮಾತಿನಿಂದ ನನಗೆ ಸಮಾಧಾನವೂ ಆಗುತ್ತಿತ್ತು. ಫಾಲ್ಗುಣದಲ್ಲಿ ಬಸಿರು ನಿಂತಿತು. ಆಷಾಢದ ಗಾಳಿಗೆ ಊರ ಸುತ್ತ ಚೆಂಡುಹೂವು, ಸೂರ್ಯಕಾಂತಿ ಹಳದಿಯೋ ಹಳದಿ. ನಾನು ರಜೆ ಹಾಕಿ ಮಂಚದಲ್ಲಿ ಮಲಗಿ ಕಿಟಕಿಯಿಂದ ನೋಡುತ್ತಿದ್ದೆ. ಕಾರ್ತಿಕದಲ್ಲಿ ಮಗಳು ಹುಟ್ಟಿದಳು. ಗುರುಸ್ವಾಮಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರನ್ನು ಅಷ್ಟು ಪ್ರೀತಿಸಿದ್ದು ಅವತ್ತೇ ಕೊನೆ ಇರಬೇಕು.

ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ ಜಾನಕಿಚೇಚಿಯಿಂದ ಒಂದು ಫೋಟೋ ಬಂತು. ಅದರ ಜೊತೆಗೆ ಒಂದು ಧ್ವನಿ ಮೆಸೇಜು. ಫೋಟೋದಲ್ಲಿ ಹುರುಳಿ ಒಂದು ಬಲೆಯ ರಾಶಿಯ ಪಕ್ಕ ಮಲಗಿತ್ತು. ಮೈ ಸ್ವಲ್ಪ ತುಂಬಿಕೊಂಡಿತ್ತು. ಎಡಗಿವಿಯ ಸೀಳು ಹಾಗೇ ಇತ್ತು. ಗುರುಸ್ವಾಮಿ ಊರಲ್ಲಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಬರುವವರಿದ್ದರು. ನನಗೆ ಅಷ್ಟು ಹೊತ್ತು ಕಾಯಲಾಗಲಿಲ್ಲ. ಅವತ್ತು ಮಗುವಿನ ಲಸಿಕೆಯ ದಿನ. ಆಸ್ಪತ್ರೆಯ ನರ್ಸ್ ಶೈನಿ ಕೇರಳದ ಬತ್ತೇರಿಯ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ಲಸಿಕೆ ಹಾಕಿಸಿ ಫೋನು ಅವರ ಕೈಗೆ ಕೊಟ್ಟೆ. ನನ್ನ ನಾಯಿ ಸಿಕ್ಕಿದೆ, ಏನಂತಾರೆ ಕೇಳಿ ಹೇಳಿ ಎಂದೆ, ನಗುತ್ತಲೇ.

ಶೈನಿ ಒಂದು ಸಲ ಪೂರ್ತಿ ಕೇಳಿದರು. ಮತ್ತೆ ಮೊದಲಿನಿಂದ ಕೇಳಿದರು. "ಕೂತ್ಕೊಳ್ಳಿ ಟೀಚರ್" ಎಂದರು.

ಅವರು ಹೇಳಿದ್ದು ಇಷ್ಟು. ನಾಯಿ ತಪ್ಪಿಸಿಕೊಂಡಿರಲಿಲ್ಲ. ಮನೆ ಗೊತ್ತುಮಾಡುವಾಗಲೇ ಗುರುಸ್ವಾಮಿ ಜಾನಕಿಚೇಚಿಯ ಹತ್ತಿರ ಮಾತಾಡಿದ್ದರು. ನಾಯಿ ಸಾಕುವವರು ಬೇಕು, ಡಾಕ್ಟರು ಬೇಡ ಎಂದಿದ್ದಾರೆ, ಹೆಂಡತಿಗೆ ಆಮೇಲೆ ಸಮಾಧಾನ ಹೇಳುತ್ತೇನೆ ಎಂದು. ಆವತ್ತು ಬೆಳಿಗ್ಗೆ ತಾವೇ ಅದನ್ನು ಆಟೋಗೆ ಹತ್ತಿಸಿ ಚೇಚಿಯ ಅಣ್ಣ ರಾಘವನ್ ಮನೆಗೆ ಕಳಿಸಿದ್ದರು. ಅದು ಇಪ್ಪತ್ತು ದಿನ ಗೇಟಿನ ಹತ್ತಿರವೇ ಕೂತಿತ್ತು. ನೀನು ಪ್ರತಿ ತಿಂಗಳು ಫೋಟೋ ಕಳಿಸಿದಾಗಲೂ ನನಗೆ ಅನ್ನ ಇಳಿಯುತ್ತಿರಲಿಲ್ಲ ಮಗಳೇ, ಈಗ ನಿನ್ನ ಫೋನಿನ ಚಿತ್ರದಲ್ಲಿ ಮಗುವನ್ನು ಕಂಡೆ, ಇನ್ನು ಸುಳ್ಳು ಹೊರಲಾರೆ, ಕ್ಷಮಿಸು ಎಂದಿದ್ದರು ಜಾನಕಿಚೇಚಿ.

ಮನೆಗೆ ಹೇಗೆ ನಡೆದು ಬಂದೆನೋ ತಿಳಿಯದು. ಗುರುಸ್ವಾಮಿ ಬಂದು ಊಟಕ್ಕೆ ಕೂತಿದ್ದರು. ಅವ್ವ ಸಾರು ಬಡಿಸುತ್ತಿದ್ದರು.

"ರೀ, ಹುರುಳಿ ಎಲ್ಲಿದೆ?"

ಅವರು ತಲೆ ಎತ್ತಲಿಲ್ಲ. "ಈಗ್ಯಾಕೆ ಅದು? ಕಳೆದೋಗಿ ಎಷ್ಟು ದಿನ ಆಯ್ತು."

ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ನಿಂಗೋಸ್ಕರನೇ ಮಾಡಿದ್ದು ಕಣೆ" ಎಂದರು. "ನಾಯಿ ಕೂದಲು ಬಸಿರಿಗೆ ಆಗಲ್ಲ ಅಂದ್ರು."

"ಯಾರಂದ್ರು? ಡಾಕ್ಟ್ರ ಹತ್ರ ಹೋದಾಗೆಲ್ಲ ನಾನೇ ಇದ್ನಲ್ಲ."

"ಜನ ಅಂದ್ರು. ಕೇಳಿದ್ರೆ ನೀನು ಒಪ್ತಿದ್ಯಾ? ಇಲ್ಲೇ ಎಲ್ಲಾದ್ರೂ ಬುಟ್ರೆ ಹುಡುಕ್ಕೊಂಡು ಬತ್ತಿತ್ತು. ಅವ್ವಂಗೂ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ."

ಅವ್ವ ಸೌಟನ್ನು ಕೆಳಗಿಟ್ಟರು. "ನಾನ್ ಯಾವಾಗ ಯೋಳ್ದೆನ್ಲಾ? ಬಯ್ತಿದ್ದೆ ಕನ. ನಿನ್ನೂ ದಿನಾ ಬಯ್ತೀನಿ. ಬಯ್ದೋರ್ನೆಲ್ಲ ಸಮುದ್ರುಕ್ ಬುಟ್ ಬಂದರಾ?"

"ಮಗು ಆಯ್ತಲ್ಲವ್ವ. ಅದ ನೋಡು."

ನನ್ನ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತೇನೋ. "ಅವತ್ತು ನೀವೂ ನನ್ನ ಜೊತೆ ಕೂಗಿದ್ರಲ್ಲ" ಎಂದೆ. "ಬಿಸಿಲಲ್ಲಿ, ಮಧ್ಯಾಹ್ನದವರೆಗೂ. ಅದು ಎಲ್ಲಿದೆ ಅಂತ ಗೊತ್ತಿದ್ದೂ ಅದರ ಹೆಸರು ಹಿಡಿದು ಕೂಗಿದ್ರಲ್ಲ. ಆ ಹೆಂಗಸು ಆಟೋದಲ್ಲಿ ಹೋಯ್ತು ಅಂದಿದ್ಲು, ಅಲ್ವಾ?"

ಅವರು ಅರ್ಧ ಊಟದಲ್ಲಿ ಎದ್ದು ಕೈ ತೊಳೆದುಕೊಂಡರು. ನಾಯಿಯನ್ನು ಬಿಟ್ಟು ಬಂದದ್ದನ್ನು ಅವರ ಹೆದರಿಕೆಯಿಂದ ಆದದ್ದು ಎಂದು ನಾನು ಎಂದಾದರೂ ಮರೆಯುತ್ತಿದ್ದೆನೇನೋ. ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಬಾಡಿಗೆ ವ್ಯಾನೊಂದರಲ್ಲಿ ಹೊರಟೆ. ಮಗು ತೊಡೆಯ ಮೇಲೆ. ಗುರುಸ್ವಾಮಿ ತಾವೂ ಬರುತ್ತೇನೆಂದು ಅಂಗಿ ಹಾಕಿಕೊಂಡು ನಿಂತಿದ್ದರು. ಬೇಡ ಎಂದೆ. ಅವ್ವ ಪಕ್ಕದ ಮನೆಯವರಿಗೆ ಹಸು ಒಪ್ಪಿಸಿ, ಕೇಳದೆಯೇ ವ್ಯಾನು ಹತ್ತಿ ಕೂತರು. "ಕೂಸೆತ್ಕಂಡು ಒಬ್ಳೇ ಎಂಗೋದಿಯೆ" ಎಂದರು. ದಾರಿಯಲ್ಲಿ ಮಗನ ಪರವಾಗಿ ಒಂದು ಮಾತೂ ಆಡಲಿಲ್ಲ. ಅವರು ಸಮುದ್ರ ನೋಡಿದ್ದೂ ಅದೇ ಮೊದಲು. ನೋಡಿ, "ಇಷ್ಟೊಂದ್ ನೀರು" ಎಂದಷ್ಟೇ ಹೇಳಿ ಮುಖ ತಿರುಗಿಸಿದರು.

ರಾಘವನ್ ಬಲೆ ಹೊಲಿಯುವ ಮುದುಕ. ಒಂದು ಕಾಲು ಸ್ವಾಧೀನವಿಲ್ಲ. ಒಂಟಿ ಬದುಕು. ನಾವು ಗೇಟು ತೆಗೆದಾಗ ಹುರುಳಿ ಅವನ ಪಕ್ಕದಲ್ಲೇ ಮಲಗಿತ್ತು. ತಲೆ ಎತ್ತಿತು. ನಾನು ಹೆಸರು ಹಿಡಿದು ಕರೆಯುವ ಮೊದಲೇ ಅದರ ಇಡೀ ಮೈ ಅಲುಗಾಡಲು ಶುರುವಾಯಿತು. ಬಂದು ನನ್ನ ಕಾಲಿಗೆ ಬಿದ್ದು, ಉಚ್ಚೆ ಹೊಯ್ದುಕೊಂಡು, ಅಳುವ ಹಾಗೆ ದನಿ ತೆಗೆಯಿತು. ಅವ್ವನ ಸೀರೆ ಹಿಡಿದು ಎಳೆಯಿತು. ಮಗುವಿನ ಪಾದ ಮೂಸಿತು. ಅವ್ವ "ಥೂ ಉಳ್ಳಿ, ಬುಡ್ಲಾ" ಎಂದು ಬಯ್ಯುತ್ತ ಕಣ್ಣೊರೆಸಿಕೊಂಡರು.

ವ್ಯಾನಿನ ಡ್ರೈವರಿಗೆ ಮಲಯಾಳಂ ಬರುತ್ತಿತ್ತು. ಅವರು ಏನು ಹೇಳುತ್ತಾರೋ ಒಂದಕ್ಷರ ಬಿಡದೆ ಹಾಗೇ ಹೇಳಪ್ಪ ಎಂದು ಕೇಳಿಕೊಂಡೆ. ರಾಘವನ್ ಅದನ್ನು ಚೆಂಬನ್ ಎಂದು ಕರೆಯುತ್ತಿದ್ದನಂತೆ, ತಾಮ್ರದ ಬಣ್ಣದವನು ಎಂದು. ಬೇಡವಾದ ನಾಯಿ ಎಂದೇ ಅವನಿಗೆ ಹೇಳಿದ್ದರು. "ಇದನ್ನು ಹುಡುಕುವವರಿದ್ದಾರೆ ಎಂದು ಗೊತ್ತಿದ್ದರೆ ನಾನು ಹೊಸ ಹೆಸರು ಇಡುತ್ತಿರಲಿಲ್ಲ" ಎಂದನಂತೆ. ಅದು ತಿನ್ನುತ್ತಿದ್ದ ಅಲ್ಯೂಮಿನಿಯಂ ತಟ್ಟೆಯನ್ನು ತಾನೇ ತೊಳೆದು ಕೊಟ್ಟ. ವ್ಯಾನು ಹೊರಟಾಗ ಬಲೆಯ ಕಡೆ ತಿರುಗಿ ಕೂತ. ಒಂದು ಅನ್ಯಾಯ ಸರಿಪಡಿಸಲು ಹೋದವಳು ಇನ್ನೊಬ್ಬನ ಮನೆ ಖಾಲಿ ಮಾಡಿ ಬಂದೆ. ಜಾನಕಿಚೇಚಿ ದೂರದಲ್ಲೇ ನಿಂತಿದ್ದರು. ನಾನು ಹೋಗಿ ಅವರ ಕೈ ಮುಟ್ಟಿದೆ.

ಹೊತ್ತು ಮುಳುಗುವ ಮೊದಲೇ ಗುಂಡ್ಲುಪೇಟೆ ಮುಟ್ಟಿದೆವು. ಗುರುಸ್ವಾಮಿ ಬಾಗಿಲಲ್ಲಿ ನಿಂತಿದ್ದರು. ವ್ಯಾನಿನ ಬಾಗಿಲು ಸರಿಸುತ್ತಿದ್ದ ಹಾಗೆ ಹುರುಳಿ ನೆಲಕ್ಕೆ ಹಾರಿ ನೇರ ಅವರ ಕಡೆ ಓಡಿತು. ತನ್ನನ್ನು ಆಟೋಗೆ ಹತ್ತಿಸಿದ ಕೈಯನ್ನೇ ನೆಕ್ಕಿತು, ಎದೆಯ ಮೇಲೆ ಕಾಲಿಟ್ಟು ಮುಖ ನೆಕ್ಕಿತು. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅದರ ಕುತ್ತಿಗೆ ತಬ್ಬಿಕೊಂಡು ಅತ್ತರು. ಅಳುತ್ತಲೇ ತಾಯಿಯ ಮುಖ ನೋಡಿದರು.

"ನೋಡವ್ವ, ನನ್ ಮೇಲೆ ಅದುಕ್ಕೆ ಒಂಚೂರೂ ಕೋಪ ಇಲ್ಲ."

ಅವ್ವ ವ್ಯಾನಿನಿಂದ ಒಂದೊಂದೇ ಚೀಲ ಇಳಿಸುತ್ತಿದ್ದರು.

"ಅದು ನಾಯಿ ಕನಪ್ಪ" ಎಂದರು.

ಗುರುಸ್ವಾಮಿ ಆಮೇಲೆ ನನ್ನ ಕಡೆ ತಿರುಗಿದರು. ನಾನು ಮಗುವನ್ನು ಭುಜಕ್ಕೆ ಹಾಕಿಕೊಂಡು ಅವರ ಪಕ್ಕದಿಂದಲೇ ಮೆಟ್ಟಿಲು ಹತ್ತಿ ಒಳಗೆ ಹೋದೆ.